ಮೇಣ ಹೆರೆಯುವವ

ನನ್ನ ಕೆಲಸಕ್ಕೆ ಹೆಸರಿರಲಿಲ್ಲ.
ಸಂಬಳದ ಪುಸ್ತಕದಲ್ಲಿ ಬರೆದಿದ್ದರು:
ವಿಲ್ಫ್ರೆಡ್ ಆರ್ಮರಾಡ್, ಇತರೆ.

ಪಾದ್ರಿಯ ಪ್ರವಚನ, ವಿದೂಷಕನ ನಗು, ಪೊಲೀಸ್ ಬ್ಯಾಂಡು,
ಕೆಟ್ಟಿತೆಂದು ಬಂದದ್ದನ್ನೆಲ್ಲ
ತಿರುಗುವ ಚಕ್ರಕ್ಕೆ ಕೂರಿಸಿ
ನೀಲಮಣಿಯ ಅಲಗಿನಲ್ಲಿ ತೆಳ್ಳಗೆ ಹೆರೆಯಬೇಕು.
ಗೆರೆಯಳಿದ ಮೇಣ ಕನ್ನಡಿಯಾಗಿ
ನನ್ನ ಮೂಗು ನನಗೇ ತೋರಿಸಿದರೆ
ಅಂದಿನ ಕೂಲಿ ಸಂದಿತು.

ಇಪ್ಪತ್ತೊಂಬತ್ತರ ಫೆಬ್ರವರಿ. ಕ್ಯಾಮ್ಡನ್ನಿನ ಹಳೆಯ ಪಿಯಾನೊ ಗೋದಾಮು.
ಥೇಮ್ಸ್ ಕೂಡ ಅಲ್ಲಲ್ಲಿ ಹೆಪ್ಪುಗಟ್ಟಿದೆಯಂತೆ.
ಮೇಣದ ಬೀರುವೊಂದಕ್ಕೇ ಬಿಸಿ, ನಮಗೆಲ್ಲ ಚಳಿ.
ಹಾರ್ಲ್ ಕ್ವಾರ್ಟೆಟ್ಟಿನ ನಾಲ್ವರು ಒಂದೇ ಟ್ಯಾಕ್ಸಿಯಲ್ಲಿ ಬಂದರು,
ಚೆಲ್ಲೊ ಐದನೆಯವನಂತೆ ಮಡಿಲುಗಳ ಮೇಲೆ ಮಲಗಿ.

ಸೆಪ್ಟಿಮಸ್ ಹಾರ್ಲ್, ರಾತ್ರಿ ಹೊತ್ತು ಮೂಕಚಿತ್ರಕ್ಕೆ ನುಡಿಸುವವನು.
ಚಿತ್ರಗಳು ಮಾತು ಕಲಿತಿವೆಯೆಂಬ ಸುದ್ದಿ
ಅವನ ಕಾಲರಿನಲ್ಲೇ ಕಾಣುತ್ತಿತ್ತು.
ಎರಡನೆಯ ಪಿಟೀಲು ಮಾರಿಸ್ ಟೆಬ್ಬ್, ನೆಗಡಿ.
ವಯೋಲಾ ಮಿಸ್ ಡೊರತಿಯಾ ಕ್ವಿಲ್,
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು.
ಚೆಲ್ಲೊ ಲಯನೆಲ್ ಬ್ರಾಗ್, ಫ್ರಾನ್ಸಿನ ಕಂದಕದಲ್ಲಿ
ಎಡಗಿವಿಯ ಜೀವ ಬಿಟ್ಟು ಬಂದವನು.
ಬಲಗಿವಿ ಹಾರ್ಲನ ಕಡೆಗಿರಲೆಂದು ಕುರ್ಚಿ ಓರೆ ಮಾಡಿಕೊಂಡ,
ಸತ್ತ ಕಿವಿ ಮಿಸ್ ಕ್ವಿಲ್ ಕಡೆಗೆ.

ಲೋಸ್ಟಾಫ್ಟಿನ ಶಾಲಾ ಮೇಷ್ಟ್ರೊಬ್ಬರು ಬರೆದಿಟ್ಟು ಹೋದ ಸಂಗೀತ.
ಕೇಳಿದವರು ಕಡಿಮೆ, ಕೊಳ್ಳುವವರು ಇನ್ನೂ ಹುಟ್ಟಬೇಕು.
ನಿಧಾನದ ಭಾಗ ಏಳು ನಿಮಿಷ,
ತಟ್ಟೆಯ ಒಂದು ಮೈಗೆ ಹಿಡಿಯುವುದು ನಾಲ್ಕೂವರೆ.
ಎಲ್ಲಿ ಕತ್ತರಿಸುವುದು?
ಉಸಿರಿಗೂ ಉಸಿರಿಗೂ ನಡುವೆ ಜಾಗ ಹುಡುಕಿ
ಹಾರ್ಲ್ ಪೆನ್ಸಿಲಿನಲ್ಲಿ ಒಂದು ಗೀಟೆಳೆದ.

ಮೊದಲ ಸಲ ಟೆಬ್ಬ್ ಸೀನಿದ. ಹೆರೆದೆ.
ಎರಡನೆಯ ಸಲ ಬೀದಿಯಲ್ಲಿ ಕಲ್ಲಿದ್ದಲ ಗಾಡಿ. ಹೆರೆದೆ.
ಮೂರನೆಯ ಸಲ,
ಹೇಗೆ ಹೇಳಲಿ, ನನಗೆ ಸ್ವರ ಗೊತ್ತಿಲ್ಲ, ಗೆರೆ ಗೊತ್ತು.
ಭೂತಗನ್ನಡಿಯ ಕೆಳಗೆ ಗೆರೆಗಳು
ಯಾರದೋ ಕೈಬಿಟ್ಟ ನೂಲಿನ ಹಾಗೆ ಓಲಾಡಿದವು.
ವಯೋಲಾ ಒಂದು ಮಾತೆತ್ತಿ ಅರ್ಧಕ್ಕೆ ಸುಮ್ಮನಾಯಿತು.
ಬ್ರಾಗ್ ಅದನ್ನು ಸತ್ತ ಕಿವಿಯಿಂದಲೇ ಕೇಳಿಸಿಕೊಂಡವನಂತೆ
ಆ ಅರ್ಧವನ್ನು ಎತ್ತಿಕೊಂಡು, ಮೆಲ್ಲಗೆ, ನೆಲಕ್ಕಿಳಿಸಿದ.
ಗೀಟು ಬಂದದ್ದು ಗೊತ್ತಾಗಲಿಲ್ಲ.
ಕಡೆಯ ಸ್ವರ ಆರುವ ಮುನ್ನ
ಮಿಸ್ ಕ್ವಿಲ್, ಯಾರಿಗೂ ಅಲ್ಲ,
'ಓ' ಅಂದಳು.

ಕೆಂಪು ದೀಪ ಇನ್ನೂ ಉರಿಯುತ್ತಿತ್ತು.
'ಕೆಟ್ಟಿತು' ಎಂದರು ಗಾಜಿನಾಚೆ ಕೂತಿದ್ದ ಕ್ರಾಡಕ್.
ಆರೂವರೆ ಶಿಲ್ಲಿಂಗ್ ಕೊಟ್ಟವನಿಗೆ
ಹೆಂಗಸಿನ 'ಓ' ಮಾರಲಾಗದು.
'ಅಳಿಸುವ ಮುಂಚೆ ಒಂದು ಸಲ ಕೇಳಬಹುದೆ?' ಅಂದ ಹಾರ್ಲ್.

ಮೇಣದ ಗುಣ ನಿಮಗೆ ತಿಳಿದಿರಲಿಕ್ಕಿಲ್ಲ.
ಮುಳ್ಳಿಟ್ಟರೆ ಮೆತ್ತನೆ ಗೆರೆ ಉತ್ತ ಹೊಲವಾಗುತ್ತದೆ.
ಕೇಳಿದರೆ ಕೆಟ್ಟಿತು,
ಕೇಳದಿದ್ದರಷ್ಟೇ ಉಳಿದೀತು.
ಹೇಗೂ ಸಾಯುವ ಮೇಣ. ಕ್ರಾಡಕ್ ತಲೆಯಾಡಿಸಿದರು.

ಕೋಟು ತೊಟ್ಟುಕೊಂಡೇ ನಿಂತು ಕೇಳಿದೆವು.
ಆ 'ಓ' ಬಂದಾಗ ಮಿಸ್ ಕ್ವಿಲ್ ಕಿಟಕಿಯ ಕಡೆ ತಿರುಗಿದಳು.
'ಯಾರು ಮಾತಾಡಿದ್ದು?' ಎಂದ ಬ್ರಾಗ್.
ಯಾರೂ ಹೇಳಲಿಲ್ಲ.

ನಾಲ್ಕನೆಯ ಸಲ ಎಲ್ಲ ಸರಿಯಾಗಿತ್ತು. ಅಂಗಡಿಗೆ ಹೋದದ್ದು ಅದೇ.
ಇನ್ನೂರ ಹದಿಮೂರು ಮಾರಿದವು.
ಮಿಕ್ಕವನ್ನು ಮುಂದಿನ ಯುದ್ಧದಲ್ಲಿ
ಅರಗಿಗೆಂದು ಪುಡಿ ಮಾಡಿದರು.
ನನ್ನ ಪಾಲಿನದನ್ನು ಈಡಿತ್ ಬಿಸಿನೀರಲ್ಲಿ ಬಗ್ಗಿಸಿ
ಹೂಕುಂಡ ಮಾಡಿದಳು. ನಡುವಿನ ತೂತು
ನೀರಿಳಿಯಲು ಹೇಳಿ ಮಾಡಿಸಿದಂತಿತ್ತು.
ಜೆರೇನಿಯಂ ಚೆನ್ನಾಗೇ ಬಂತು.

ಅದಿರಲಿ. ಆ ಸಂಜೆ ನಾನು ಹೆರೆದ ಮೇಣ
ಜೇನುಬಣ್ಣದ ಸುರುಳಿಯಾಗಿ ಮೊಣಕಾಲ ಮೇಲೆ ಬಿದ್ದಾಗ
ಒಂದು ಹಿಡಿ ಜೇಬಿಗಿಳಿಸಿದೆ.
ಕಳ್ಳತನವೇ.
ಟ್ರಾಮಿನಲ್ಲಿ ಮೈಶಾಖಕ್ಕೆ ಮೆತ್ತಗಾಗಿ ಉಂಡೆಗಟ್ಟಿತು.

ಈಗಲೂ ಇದೆ, ಅಡುಗೆಮನೆಯಲ್ಲಿ, ಚಮಚಗಳ ನಡುವೆ.
ತೇವದ ದಿನಗಳಲ್ಲಿ ಮೇಜಿನ ಖಾನೆ ಕಚ್ಚಿಕೊಂಡಾಗ
ಈಡಿತ್ ಅದನ್ನೇ ಅಂಚಿಗೆ ತಿಕ್ಕುತ್ತಾಳೆ.
ಮೊದಲು ಸಣ್ಣಗೆ ಏನೋ ಅನ್ನುತ್ತದೆ,
ಆಮೇಲೆ ಸದ್ದಿಲ್ಲದೆ ಸರಿಯುತ್ತದೆ.